ರೆಕ್ಕೆಯಿಲ್ಲದ ಹನ್ನೆರಡನೇ ಚಿತ್ರ

ಇದ್ದಿಲ ಹೊಗೆ, ಬಸ್ಸು ತಿರುವಿನಾಚೆ ಮರೆಯಾದರೂ ಗಂಟಲಲ್ಲೇ ಕೂತಿದೆ, ಯುದ್ಧ ಬಂದಮೇಲೆ ಪೆಟ್ರೋಲಿಲ್ಲ, ಬಸ್ಸುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುತ್ತವೆ, ಆ ಬಸ್ಸಿನ ತಲೆಯ ಮೇಲೆ ಚಿತ್ರಕಥೆಯ ಮುನ್ನೂರು ಪ್ರತಿಗಳ ಕಟ್ಟು, ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ — ನ್ಯಾಮತಿಗೂ, ಹೆಂಡತಿ ಸುಗ್ರಾಳ ತವರಿಗೂ, ಯಾ ಅಲ್ಲಾ, ಓಡಿ ನಿಲ್ಲಿಸಬಹುದಿತ್ತು, ಗೌಸ್‌ಪೀರ ಓಡಲಿಲ್ಲ, ಮನೆಯತ್ತ ತಿರುಗಿದ. ಚನ್ನಗಿರಿಯ ಅಂಗಡಿಗಳಿಗೆ ಬೋರ್ಡು ಬರೆಯುವ ಕೈ ಅದು, ಮೊದಲ ಸಲ ಕಥೆಯೊಂದನ್ನು ಚಿತ್ರಗಳಲ್ಲಿ ಬರೆದಿತ್ತು, ಹನ್ನೆರಡು ಚೌಕ, ಬಾಯಿಂದ ಗುಳ್ಳೆಯಂತೆ ಹೊರಡುವ ಮಾತು, ಇಂಗ್ಲಿಷ್ ಪೇಪರಿನಾಗೆ ಹಿಂಗೇ ಬರ್ತೈತೆ ಸಾಬ್ರೇ, ನೀವೂ ಮಾಡ್ರಿ ಅಂದಿದ್ದರು ಪ್ರೆಸ್ಸಿನ ನಾಗೇಂದ್ರಪ್ಪ, ಕಥೆ ಎಲ್ಲಿಂದ ತರಲಿ, ಮನೆಯಲ್ಲೇ ಇತ್ತು, ಮದುವೆಯಾದ ಹೊಸತರಲ್ಲಿ ಹೆಂಡತಿ ಹೇಳಿದ್ದು — ಕೆರೆ ಏರಿಯ ಮೇಲೆ ಗರಿ ಕಳಚಿಟ್ಟು ಗಂಡಸಾಗುವ ಬೆಳ್ಳಕ್ಕಿ, ಅವನಿಗೆ ಮನಸೋತ ಬಳೆಗಾರನ ಮಗಳು, ಅಣ್ಣಂದಿರು ಗರಿ ಸುಟ್ಟರು, ಅವನು ಒದ್ದಾಡಿ ಬಿದ್ದ, ಆಗ ಅವಳ ಹೆಗಲಲ್ಲೇ ರೆಕ್ಕೆ ಒಡೆದು ಅವನನ್ನೆತ್ತಿಕೊಂಡು ಹಾರಿದಳು, ತಿರುಗಿ ಬರಲಿಲ್ಲ. ರೆಕ್ಕೆ ಅನ್ನುವಾಗ ಸುಗ್ರಾಳ ದನಿ ಒಡೆಯುತ್ತಿತ್ತು. ಅದು ನಮ್ಮಕ್ಕ ದಿಲ್‌ಶಾದ್ ಆಪಾ ಹೇಳ್ತಿದ್ದ ಕತೆ ರೀ, ಆಪಾ ಮನೆ ಬಿಟ್ಟು ಹೋದ ದಿನವೇ ಆಕಿ ಸತ್ಲು ಅಂದ್ರು ನಮ್ಮಪ್ಪ, ಅಬ್ಬಾ, ಹೆಸರು ಎತ್ತಬ್ಯಾಡ ಅಂದ್ರು, ಕತೆ ಹೇಳಬ್ಯಾಡ ಅನ್ನಲಿಲ್ಲವಲ್ಲ.

ಅದಕ್ಕೇ ಬಳೆಗಾರನ ಮಗಳಿಗೆ ಆಪಾಳ ಮುಖ, ಸುಗ್ರಾ ಪಕ್ಕದಲ್ಲಿ ಕೂತು ಹೇಳಿದಂತೆ, ಹುಬ್ಬು ಇನ್ನೊಂಚೂರು ದಪ್ಪ, ಗದ್ದದ ಮೇಲೆ ಮಚ್ಚೆ, ಹ್ಞಾ, ಇವಳೇ, ಇವಳೇ ರೀ, ಆ ದಿನ ಸುಗ್ರಾ ನಕ್ಕಿದ್ದು — ಪ್ರೆಸ್ಸಿನಲ್ಲಿ ಚಿತ್ರ ಅಚ್ಚೊತ್ತುವ ಕಲ್ಲಿನ ಮೇಲೆ ಹನ್ನೆರಡನೇ ಚೌಕದ ರೆಕ್ಕೆ ಮೂಡಿ ಮುಗಿದಿತ್ತು, ನಾಗೇಂದ್ರಪ್ಪ ಬಗ್ಗಿ ನೋಡಿದರು, ಹಾರಿ ಹೋದ ಹೆಣ್ಣನ್ನ ಯಾವ ಮನೆಯಾಗೆ ಇಟ್ಕಂತಾರೆ ಸಾಬ್ರೇ, ಮದುವಿ ಮಾಡಿಸಿ ಕೂಡ್ರಿಸಿ, ಅಪ್ಪನ ಕಾಲಿಗೆ ಬೀಳಿಸಿ. ಬೇಡ ಸ್ವಾಮಿ ಅಂದನೇ, ಅಂದ, ಎಷ್ಟು ಮೆಲ್ಲಗೆ ಅಂದರೆ ಅವನಿಗೇ ಕೇಳಲಿಲ್ಲ, ನಾಗೇಂದ್ರಪ್ಪ ಅಂದರು, ಯುದ್ಧದಾಗೆ ಕಾಗದ ಸಿಕ್ಕಿರೋದೇ ಇಷ್ಟು, ಕಲ್ಲು ನಂದು, ಗೆರೆ ನಿಮ್ದು, ಕೆರೀರಿ. ಕೆರೆದ. ಬಿಳಿ ಪುಡಿ ಉಗುರ ಸಂದಿಯಲ್ಲಿ, ಒಂದೊಂದೇ ಗರಿ, ಅವನದೇ ಕೈ, ಬೇರೆ ಯಾರದೂ ಅಲ್ಲ. ಈಗ ನ್ಯಾಮತಿಯಲ್ಲಿ ಮಾವ ನೋಡುತ್ತಾರೆ, ಸತ್ತಳೆಂದ ಮಗಳು ತಲೆ ತಗ್ಗಿಸಿ ಅವರದೇ ಕಾಲ ಬಳಿ.

ಮನೆ ಬಂತು, ಬರಬಾರದಿತ್ತು, ಸುಗ್ರಾ ಕೈ ಒರೆಸಿಕೊಂಡು ಅವನು ತಂದ ಹಾಳೆ ಇಸಿದುಕೊಂಡಳು, ಅಕ್ಷರ ಬಾರದವಳು, ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಬಂದಳು, ಹತ್ತು, ಹನ್ನೊಂದು, ಹನ್ನೆರಡರಲ್ಲಿ ನಿಂತಳು. ಆಪಾನ್ನ ಮನೆಗೆ ಕರಕೊಂಬಂದ್ರಾ, ಯಾರನ್ನ ಕೇಳಿ. ಪ್ರೆಸ್ಸಿನವರು ಅಂದ್ರು, ನಾನು, ಕಾಗದ — ಬೈಯಲಿ, ಹಾಳೆ ಹರಿಯಲಿ, ಅವಳು ಬೈಯಲಿಲ್ಲ, ಒಲೆಯ ಮುಂದೆ ಕೂತು ಪಾತ್ರೆಯ ತಳದ ಮಸಿಗೆ ಬೆರಳೊತ್ತಿದಳು, ಚಿತ್ರದ ಆಪಾಳ ಹೆಗಲ ಮೇಲೆ ರೆಕ್ಕೆಯ ಒಂದು ಗೆರೆ, ಮೇಲಕ್ಕೆ, ಸೊಟ್ಟ, ಕೊಡು ನಾನು ಬರೀತೀನಿ ಅನ್ನಬೇಕು, ಇನ್ನೂ ಮುನ್ನೂರಿವೆ ಸುಗ್ರಾ, ಮುನ್ನೂರು ಹೋಗಿವೆ, ಮತ್ತೆ ಮಸಿ, ಮತ್ತೆ ಗೆರೆ, ಚೌಕ ದಾಟಿತು, ಹಾಳೆಯ ಅಂಚು ಮುಗಿಯಿತು, ಬೆರಳು ನಿಲ್ಲಲಿಲ್ಲ, ನೆಲದ ಮೇಲೆ, ಮಸಿಯ ಬೆರಳು, ನೆಲದ ಮೇಲೆ, ಮಸಿಯ ಬೆರಳು —