ಚೌಕದೊಳಗಿನ ಅಕ್ಷರಗಳು

ಶಾರದವ್ವ ಆಯುಧಪೂಜೆಯ ಆರತಿ ಎತ್ತಿದ ಹೊತ್ತಿಗೆ ಸರಿಯಾಗಿ ಕಂಪ್ಯೂಟರಿನ ಒಳಗಿನ ಗುಂಯ್ ಎನ್ನುವ ಸದ್ದು ಒಮ್ಮೆ ಕಿರ್ರೆಂದು ನಿಂತುಹೋಯಿತು. ಸದಾಶಿವ ಮುಗಿದ ಕೈಯನ್ನು ಹಾಗೇ ಹಿಡಿದು ಕಣ್ಣು ತೆರೆದ. ಪಕ್ಕದಲ್ಲಿ ನಿಂತಿದ್ದ ಪರಿಮಳಾ ಅವನ ಮುಖ ನೋಡಿದಳು. ಆರತಿ ಮುಗಿದದ್ದೇ ಇಬ್ಬರೂ ಪೆಟ್ಟಿಗೆಯತ್ತ ತಿರುಗಿದರು.

ಶಿರಸಿಯ ಬನವಾಸಿ ರಸ್ತೆಯ ಆ ಮನೆಯ ಪಡಸಾಲೆಯಲ್ಲಿ ಒಂದು ಗೋಡೆ ಹಳೆಯ ಕಂಪ್ಯೂಟರುಗಳಿಗೇ ಮೀಸಲು. ಬಸ್ ಡಿಪೋದ ಗುಮಾಸ್ತಿಕೆ ಮುಗಿಸಿ ಬಂದ ಮೇಲೆ ಸದಾಶಿವ ಗುಜರಿಯಿಂದ ತಂದ ಕೀಬೋರ್ಡುಗಳ ಗುಂಡಿ ಕಿತ್ತು ಅಂಟುವಾಳದ ನೀರಿನಲ್ಲಿ ನೆನೆಹಾಕುತ್ತಿದ್ದ. ಮಾರುವುದಕ್ಕಲ್ಲ, ನಿಂತದ್ದು ಮತ್ತೆ ನಡೆಯುವುದನ್ನು ನೋಡುವುದೇ ಅವನಿಗೆ ಸಾಕಿತ್ತು. "ಹೆಣ್ಣ ನೋಡಾಕ ಹೋದ್ರೂ ಮೊದಲ ಅವ್ರ ಮನಿ ಅಟ್ಟ ನೋಡ್ತಾನ" ಎಂದು ತಾಯಿ ಶಾರದವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಈ ಯಂತ್ರ ಸಿದ್ದಾಪುರದ ಮುಚ್ಚಿಹೋದ ಒಂದು ಪ್ರೆಸ್ಸಿನದು. ಪರಿಮಳಾ ಅಲ್ಲಿ ಟೈಪು ಮಾಡುವ ಕೆಲಸಕ್ಕಿದ್ದಳು. ಸಂಜೆ ಎಲ್ಲರೂ ಹೋದ ಮೇಲೆ ಕೂತು, ಪರದೆಯ ಮೇಲಿನ ಸಣ್ಣ ಸಣ್ಣ ಚೌಕಗಳನ್ನು ಒಂದೊಂದಾಗಿ ತುಂಬಿ, ಕನ್ನಡದ ಅಕ್ಷರಗಳನ್ನು ತಾನೇ ರೂಪಿಸಿದ್ದಳು. ಕೆಲವು ವರ್ಷ ಆ ಸೀಮೆಯ ಮದುವೆ ಕರೆಯೋಲೆಗಳೆಲ್ಲ ಅದೇ ಅಕ್ಷರದಲ್ಲಿ ಬಂದವು. ಅವಳಿಗೆ ಒಂದು ಮಾತೂ ಹೇಳದೆ ಮಾಲೀಕ ಯಂತ್ರವನ್ನು ಗುಜರಿಗೆ ಹಾಕಿದ. ಬೇರೆ ಪ್ರತಿ ಇರಲಿಲ್ಲ. ಅದು ತನ್ನ ಕೈಗೆ ಬಂದಿದೆಯೆಂದು ಸದಾಶಿವ ಫೋನು ಮಾಡಿದಾಗ ಹಬ್ಬವೆಂಬುದನ್ನೂ ನೋಡದೆ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು.

ಅವನು ನಾಳೆಯವರೆಗೆ ತಡೆಯಬೇಕಿತ್ತು. ಫ್ಲಾಪಿ ಡ್ರೈವು ಕೆಟ್ಟಿತ್ತು. ಇನ್ನೊಂದನ್ನು ಯಲ್ಲಾಪುರದ ಗೆಳೆಯ ನಾಳೆ ತರುವವನಿದ್ದ. ಅದಿಲ್ಲದೆ ಅಕ್ಷರಗಳನ್ನು ಹೊರಗೆ ತೆಗೆಯುವ ದಾರಿಯಿಲ್ಲ. ಅಕ್ಷರಗಳಿದ್ದ, ತಿರುಗದೆ ಕಚ್ಚಿಕೊಂಡ ಹಾರ್ಡ್ ಡಿಸ್ಕನ್ನು ಕೈಯಲ್ಲಿ ಹಿಡಿದು ಒಮ್ಮೆ ಜಾಡಿಸಿದರೆ ತಿರುಗುತ್ತದೆ, ಎರಡನೆಯ ಸಲ ತಿರುಗುವ ಭರವಸೆಯಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ನೋಡಿ ಮನಸ್ಸು ತಡೆಯದೆ ಜಾಡಿಸಿಯೇಬಿಟ್ಟ. ಡಿಸ್ಕು ತಿರುಗಿತು. ಪರದೆಯ ಮೇಲೆ 'ಅ' ಮೂಡಿತು. ಪರಿಮಳಾ ಮುಟ್ಟಲಿಲ್ಲ. "ನಂದೇ" ಎಂದಳು, ಅಷ್ಟೇ.

ಈಗ ಅವನು ಪೆಟ್ಟಿಗೆಗೆ ಕಿವಿಯಿಟ್ಟು ನೋಡಿ ಎದ್ದು ನಿಂತ. ಡಿಸ್ಕು ಸತ್ತಿದೆ, ಅಕ್ಷರಗಳೆಲ್ಲ ಈಗ ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇವೆ, ಕರೆಂಟು ಇರುವತನಕ ಇರುತ್ತವೆ ಎಂದು ವಿವರಿಸಿದ. ಕರೆಂಟು ದಿನಾ ಸಂಜೆ ಹೋಗುತ್ತಿತ್ತು. ಫೋಟೊ ತೆಗೆಸೋಣವೆಂದರೆ ಹಬ್ಬಕ್ಕೆ ಸ್ಟುಡಿಯೊ ಮುಚ್ಚಿತ್ತು. ಉಳಿದದ್ದು ನೋಡಿ ಬರೆದುಕೊಳ್ಳುವುದೊಂದೇ. ಆದರೆ ಮನೆಯ ಪೆನ್ನು, ಪೆನ್ಸಿಲ್ಲು, ಚೌಕುಳಿ ಪುಸ್ತಕ ಎಲ್ಲವೂ ಸ್ಕ್ರೂಡ್ರೈವರುಗಳ ಜೊತೆ ದೇವಿಯ ಮುಂದೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಖಂಡೇಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವತನಕ ಮುಟ್ಟುವಂತಿಲ್ಲ. ಗಂಡ ಅಂದಾನಪ್ಪ ಹಾಸಿಗೆ ಹಿಡಿದ ವರ್ಷವೂ ಶಾರದವ್ವ ಈ ನಿಯಮ ತಪ್ಪಿಸಿರಲಿಲ್ಲ.

ತಮ್ಮ ಮನೆಯಲ್ಲೂ ಇವತ್ತು ಪುಸ್ತಕ ತೆಗೆಯುವುದಿಲ್ಲ ಎಂದು ಪರಿಮಳಾ ಹೇಳಿದಳು. "ಬೇಡ ಬಿಡಿ ಸದಾಶಿವಣ್ಣ. ನೋಡಿದ್ನಲ್ಲ, ಸಾಕು."

ಶಾರದವ್ವ ಆರತಿ ತಟ್ಟೆ ಕೆಳಗಿಟ್ಟು ಪರದೆಯ ಹತ್ತಿರ ಬಂದಳು. "ಇವನ್ನೆಲ್ಲ ನೀವ ಬರದ್ರೇನ, ತಂಗಿ?"

"ಹೌದು ಅಮ್ಮ. ಎರಡು ವರ್ಷ ಹಿಡೀತು."

"ಮತ್ತ ಬರೀಲಿಕ್ಕೆ ಬರೂದಿಲ್ಲೇನ?"

"ಬರೀಬಹುದು. ಇದೇ ಬರ್ತದೆ ಅಂತ ಹೇಳಲಿಕ್ಕಾಗೂದಿಲ್ಲ."

ಶಾರದವ್ವ ದೇವಿಯ ಕಡೆ ತಿರುಗಿ ಕೈ ಮುಗಿದಳು. ಬಾಗಿ ಹೂವು ಸರಿಸಿದಳು. ಚೌಕುಳಿ ಪುಸ್ತಕವನ್ನೂ ಪೆನ್ಸಿಲ್ಲನ್ನೂ ತೆಗೆದು ಕಣ್ಣಿಗೊತ್ತಿಕೊಂಡು ಪರಿಮಳಾಳ ಮುಂದಿಟ್ಟಳು.

"ಬರಕೊಳ್ರಿ. ಮುಗದ ಮ್ಯಾಲೆ ಅಲ್ಲೇ ಇಡೂನಂತ."

ಸದಾಶಿವ ಒಂದೊಂದೇ ಅಕ್ಷರವನ್ನು ಪರದೆಗೆ ತಂದು ಅದರ ಚೌಕಗಳನ್ನು ಸಾಲು ಸಾಲಾಗಿ ಓದತೊಡಗಿದ. ಗಡಿಬಿಡಿಯಲ್ಲಿ ಎರಡು ಸಲ ಸಾಲು ತಪ್ಪಿಸಿದ. "ಡಿಪೋದಾಗ ಗಾಡಿ ಬಿಟ್ಹಂಗ ಬಿಡ್ತಿ, ಸರಿ ಆಕಡೆ" ಎಂದು ತಾಯಿ ಅವನನ್ನು ಪಕ್ಕಕ್ಕೆ ತಳ್ಳಿ ಗಾಜಿಗೆ ಬೆರಳಿಟ್ಟು ತಾನೇ ಓದಿದಳು. ಮೂರು ಖಾಲಿ, ನಾಕು ತುಂಬು, ಒಂದು ಖಾಲಿ. ಕೆಲ ಹೊತ್ತಿಗೆ ಅವಳ ದನಿ ಮಠದಲ್ಲಿ ಪುರಾಣ ಹೇಳುವಾಗಿನ ಧಾಟಿಗೆ ತಾನಾಗಿ ಇಳಿಯಿತು. ಸಾಲಿನ ಕೊನೆಯಲ್ಲಿ ಎಳೆದು ನಿಲ್ಲಿಸುವುದು, ಪರಿಮಳಾ ಪುಸ್ತಕದಲ್ಲಿ ತುಂಬಿ ಹೂಂಗುಟ್ಟಿದ ಮೇಲೆ ಮುಂದಿನದು. ಊಟದ ಹೊತ್ತು ಮೀರಿದ್ದು ಮೂವರಿಗೂ ಗೊತ್ತಾಗಲಿಲ್ಲ. ಹೋಳಿಗೆ ಆರಿತು. ಸ್ವರ ಮುಗಿದು, ವರ್ಗದ ವ್ಯಂಜನಗಳು ಮುಗಿದು, 'ಯ'ದಿಂದ ಮುಂದಿನವು ಶುರುವಾದವು.

'ಳ'ದ ಅರ್ಧದಲ್ಲಿ ಕರೆಂಟು ಹೋಯಿತು. ಪರದೆ ಒಂದು ಬಿಳಿ ಚುಕ್ಕಿಯಷ್ಟಾಗಿ, ಅದೂ ಆರಿತು. ಶಾರದವ್ವನ ಬೆರಳು ಗಾಜಿನ ಮೇಲೇ ಇತ್ತು.

"ಎಷ್ಟ ಸಾಲ ಉಳದಿತ್ತೋ" ಎಂದಳು.

ಪರಿಮಳಾ ಪುಸ್ತಕವನ್ನು ಬಾಗಿಲ ಬೆಳಕಿನತ್ತ ಓರೆ ಮಾಡಿದಳು. ಅವಳ ಪೆನ್ಸಿಲ್ಲು ಖಾಲಿ ಸಾಲಿನ ಮೇಲೆ ಒಂದೆರಡು ಚೌಕ ಮುಂದೆ ಹೋಯಿತು, ಹಿಂದೆ ಬಂದಿತು, ಒಂದು ಚೌಕದ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಅದನ್ನು ತುಂಬತೊಡಗಿತು.