ಬೆರಳು ತೋರಿಸಿದ್ದಕ್ಕೆ ಹೀಚು ಕೊಳೆಯುವುದಿಲ್ಲ

ಹಗರೆಯ ನಮ್ಮ ಅರ್ಧ ಎಕರೆ ಕುಂಬಳದ ಹೊಲದಲ್ಲಿ ಈ ಸಲ ಹೀಚು ನಿಲ್ಲಲಿಲ್ಲ. ನೆಲ್ಲಿಕಾಯಿ ಗಾತ್ರಕ್ಕೆ ಬಂದದ್ದು ಹಳದಿಯಾಗಿ, ಕೊಳೆತು ಉದುರುತ್ತಿತ್ತು. ಗೊಬ್ಬರ ಹಾಕಿದೆವು, ನೀರು ಬಿಟ್ಟೆವು. ಬಳ್ಳಿ ಬದುವಿನಾಚೆಗೂ ಹಬ್ಬಿತು. ಕಾಯಿ ಒಂದೂ ಇಲ್ಲ.

ನಮ್ಮವ್ವ ಹನುಮಮ್ಮ ಕಾರಣ ಹುಡುಕಿದಳು. ಸಿಕ್ಕವಳು ನನ್ನ ಅತ್ತಿಗೆ ಚಿತ್ರಾ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ.

"ಹೀಚಿಗೆ ಬೆರಳು ತೋರ್ಸ್‌ಬ್ಯಾಡ ಅಂತ ಎಷ್ಟ್ ಸಲ ಬಡ್ಕಂಡೆ? ಅಲ್ಲೊಂದೈತೆ ಇಲ್ಲೊಂದೈತೆ ಅಂತ ತೋರ್ಸಿದ್ಯಲ್ಲ, ನೋಡೀಗ! ನಿನ್ ಬೆರಳು ಬಿದ್ದದ್ದು ಉಳೀತದಾ?"

"ಎಣ್ಸಾಕ್ ತೋರ್ಸಿದೆ ಅತ್ತೆ," ಎಂದಳು ಅತ್ತಿಗೆ.

ಮಾರನೇ ದಿನ ನನ್ನ ಅಣ್ಣ ಶಿವಕುಮಾರ್ ಅವಳನ್ನು ಬಸ್ತಿಹಳ್ಳಿಯ ತವರಿಗೆ ಬೈಕಿನಲ್ಲಿ ಬಿಟ್ಟು ಬಂದ. ವಾರದೊಳಗೆ ಬೇರೆ ಹೆಣ್ಣು ನೋಡುವ ಮಾತೂ ಎದ್ದಿತು. ಮೂರು ಮೊಬೈಲ್ ಇರುವ ಮನೆಯಲ್ಲಿ ನಡೆದ ಮಾತಿದು!

ನಮ್ಮ ಬೀದಿಯ ಸುಮಿತ್ರಮ್ಮ ಸಂಘದ ಕಡೆಯಿಂದ ಬೇಸಾಯದ ತರಬೇತಿ ಪಡೆದವರು. ಒಂದು ಬೆಳಿಗ್ಗೆ ಹೊಲಕ್ಕೆ ಬಂದರು. ಅವ್ವ ಬುಟ್ಟಿ ತುಂಬ ಕುಂಬಳದ ಹೂ ಕೀಳುತ್ತಿದ್ದಳು, ನಾನು ಪಕ್ಕದಲ್ಲಿದ್ದೆ.

"ಏನ್ ಹನುಮಕ್ಕ, ಹೂವ ಯಾಕ್ ಕೀಳ್ತಿದೀಯ?"

"ಗೊಡ್ಡು ಹೂವ ಕಣವ್ವ. ಕಾಯಿ ಕಟ್ಟಲ್ಲ, ಸುಮ್ನೆ ಗೊಬ್ರ ತಿಂತವೆ. ದನಕ್ಕಾದ್ರೂ ಆಯ್ತದೆ."

ಸುಮಿತ್ರಮ್ಮ ಬುಟ್ಟಿಯಿಂದ ಒಂದು ಹೂ ತೆಗೆದು ದಳ ಹರಿದರು. ನಡುವೆ ಒಂದೇ ಕಡ್ಡಿ. ಮುಟ್ಟಿದರೆ ಕೈಗೆ ಹಳದಿ ಪುಡಿ. "ಇದು ಗಂಡು ಹೂವು. ಈ ಪುಡೀನೇ ಪರಾಗ."

ಆಮೇಲೆ ಬಳ್ಳಿಯಲ್ಲಿದ್ದ ಇನ್ನೊಂದನ್ನು ಬಗ್ಗಿಸಿದರು. ಹೂವಿನ ಬುಡದಲ್ಲೇ ಗುಂಡಗೆ ಹೀಚು. ಒಳಗೆ ಪುಡಿಯಿಲ್ಲ, ಸೀಳುಸೀಳಾದ ಒಂದು ಅಂಟು ಗಂಟು. "ಇದು ಹೆಣ್ಣು. ಆ ಪುಡಿ ಈ ಅಂಟಿನ ಮೇಲೆ ಬಿದ್ರೇನೇ ಬೀಜ ಕಟ್ಟೋದು, ಹೀಚು ನಿಲ್ಲೋದು. ಅರಳೋದು ಒಂದೇ ಬೆಳಿಗ್ಗೆ. ಬಿಸ್ಲು ಏರ್ತಿದ್ದಂಗೆ ಮುಚ್ಕೊಳ್ತದೆ."

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. "ಥೂ! ಹೂವ್ಗೂ ಗಂಡ ಹೆಂಡ್ತಿನಾ? ವಯಸ್ಸಿಗೆ ಬಂದ ಮಗ ನಿಂತವ್ನೆ, ನಾಚ್ಕೆ ಬ್ಯಾಡ್ವ ನಿಂಗೆ?"

"ಹೋರಿ ಕಾಣ್ದೆ, ಸೂಜಿ ಕೊಡಿಸ್ದೆ ನಿನ್ ಹಸ ಯಾವತ್ತಾದ್ರೂ ಕರ ಹಾಕೈತಾ? ಡೈರಿಗೆ ಹಾಲು ಅಳೆಯೋವಾಗ ಇಲ್ದಿರೋ ನಾಚ್ಕೆ ಈಗ್ಯಾಕೆ?"

"ಬದನೇಲಿ ಈ ರಗಳೆ ಇಲ್ವಲ್ಲ!"

"ಬದನೆ, ದಾಸವಾಳದಲ್ಲಿ ಎರಡೂ ಒಂದೇ ಹೂವೊಳಗೆ ಇರ್ತವೆ. ಮುಸುಕಿನ ಜೋಳದ ತುದಿ ಗರಿ ಗಂಡು, ತೆನೆ ಕೂದ್ಲು ಹೆಣ್ಣು. ನಾಟಿ ಪರಂಗೀಲಿ ಗಿಡಾನೇ ಬೇರೆ ಬೇರೆ. ಒಂದೊಂದ್ರದ್ದು ಒಂದೊಂದು ಕ್ರಮ."

"ಸರಿ, ಆ ಪುಡಿ ಹೊರೋರ್ಯಾರು?"

"ಜೇನು."

ಬೆಳಿಗ್ಗೆ ಹೂ ಅರಳಿರುವಾಗಲೇ ಅಣ್ಣ ಹುಳದ ಔಷಧಿ ಹೊಡೆಯುತ್ತಿದ್ದ. ಕಲಸಿ ಕೊಡುತ್ತಿದ್ದವನು ನಾನು. ಹೂವಿನೊಳಗೆ ಸತ್ತ ಜೇನು ಕಂಡಿದ್ದೆ. ಊದಿ ಹಾರಿಸಿದ್ದೆ.

"ಎಲ್ಲಾ ಬಾಯ್ಮಾತು," ಎಂದಳು ಅವ್ವ.

ಮಾರನೇ ಬೆಳಿಗ್ಗೆ ಸುಮಿತ್ರಮ್ಮ ಗಂಡು ಹೂವಿನ ಪುಡಿಯನ್ನು ಐದು ಹೆಣ್ಣು ಹೂಗಳಿಗೆ ಸವರಿ, ಗುರುತಿಗೆ ದಾರ ಕಟ್ಟಿದರು. ದಿನಾ ಬಂದು ಬೇಕಂತಲೇ ಆ ಐದಕ್ಕೂ ಬೆರಳು ತೋರಿಸಿ ಹೋಗುತ್ತಿದ್ದರು. ಹತ್ತು ದಿನಕ್ಕೆ ಆ ಐದೂ ತೆಂಗಿನಕಾಯಿ ಗಾತ್ರವಾದವು. ಅವತ್ತು ಅರಳಿದ್ದ ಮಿಕ್ಕವು ಕೊಳೆತವು.

ಅವ್ವ ಒಂದೊಂದನ್ನೂ ಸವರಿ ನೋಡಿ ಬದುವಿನ ಮೇಲೆ ಕುಳಿತಳು. "ಹೂವ ಕಿತ್ತೋಳು ನಾನು. ಆ ಹುಡ್ಗೀನ ಅಟ್ಟಿದೆ."

"ನಾಲ್ಕು ವರ್ಷ ಆ ಹುಡ್ಗಿ ಕೈಲಿ ಹರಕೆ ಹೊರ್ಸಿದೆ," ಎಂದರು ಸುಮಿತ್ರಮ್ಮ. "ಶಿವೂನ ಒಂದಿನಾದ್ರೂ ಡಾಕ್ಟ್ರ ಹತ್ರ ಕಳ್ಸಿದ್ಯಾ?"

ಅಲ್ಲೇ ಇದ್ದ ಅಣ್ಣ, "ನಡಿಯವ್ವ, ಅವಳನ್ನ ಕರಿಯಾಕ್ ಹೋಗಾಣ," ಎಂದ.

ಅವ್ವ, ಅಣ್ಣ, ನಾನು ಬಸ್ತಿಹಳ್ಳಿಗೆ ಹೋದೆವು. ಅತ್ತಿಗೆ ನೀರು ತಂದುಕೊಟ್ಟಳು. ಅವ್ವ ಅವಳ ಕೈ ಹಿಡಿದು, "ತಪ್ಪಾಯ್ತು ಕಣವ್ವ. ಕಾಯಿ ನಿಂತ್ವು, ಬಾ," ಎಂದಳು.

"ಕಾಯಿ ನಿಂತ್ವು ಅಂತ ಕರೀತಿದೀರ. ನಿಲ್ದೇ ಇದ್ದಿದ್ರೆ ಅತ್ತೆ?"

ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ ಎಂದ ಅಣ್ಣ.

"ಮೊದ್ಲು ಮಾಡಿಸ್ಕಳಿ. ಆಮೇಲೆ ಮಾತಾಡಾಣ," ಎಂದು ಅವಳು ಒಳಗೆ ಹೋದಳು. ನಾವು ಮೂವರೇ ವಾಪಸು ಬಸ್ಸು ಹತ್ತಿದೆವು.

ಅಕ್ಕಂದಿರೇ, ಅಣ್ಣಂದಿರೇ, ಗಂಡು ಹೂವನ್ನು ಗೊಡ್ಡೆಂದು ಕೀಳಬೇಡಿ. ಹೂ ಅರಳಿರುವ ಬೆಳಿಗ್ಗೆ ಔಷಧಿ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಹೂ ಮುಚ್ಚಿದ ಮೇಲೆ, ಸಂಜೆಗೆ ಇಟ್ಟುಕೊಳ್ಳಿ. ಜೇನು ಬಾರದಿದ್ದರೆ ಕೈಯಾರೆ ಪರಾಗ ಮುಟ್ಟಿಸಿ. ಮಕ್ಕಳಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋಗಿ. ಅತ್ತಿಗೆ ಇನ್ನೂ ಬಂದಿಲ್ಲ. ನಮಗೆ ತಿಳಿದದ್ದು ತಡವಾಗಿ. ನಿಮ್ಮ ಮನೆಯ ಸೊಸೆ ಬಟ್ಟೆ ಕಟ್ಟಿಕೊಂಡು ಹೊರಡುವ ಮೊದಲೇ ನೀವು ತಿಳಿದುಕೊಳ್ಳಿ.