ಪಂಪಿನ ಕೋಣೆಯ ಹಸಿರು ದೀಪ

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನಗು. ಪೆಟ್ಟು ತಿಂದ ಹಡಗಿನೊಳಗೆ ನೀರು ಹೇಗೆ ನುಗ್ಗುತ್ತದೆ, ಯಾವ ಕೋಣೆ ಮೊದಲು ತುಂಬುತ್ತದೆ, ಹಡಗು ನಿಲ್ಲುತ್ತದೋ ಮಗುಚುತ್ತದೋ ಎಂದು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು. "ಕೂತಲ್ಲೇ ಹಡಗು ಮುಳುಗಿಸ್ತೀಯ, ಸಂಬಳ ಬೇರೆ ಕೊಡ್ತಾರೆ," ಎಂದು ಭಾವ ಕಿಚಾಯಿಸುತ್ತಿದ್ದರು. ಅವರು ಪ್ರಯಾಣಿಕರ ಹಡಗೊಂದರಲ್ಲಿ ಫಿಟ್ಟರ್. ಅಕ್ಕ, ಭಾವ, ನಾನು ಒಂದೇ ಮನೆಯಲ್ಲಿರುವುದು.

ಆವತ್ತು ಮಧ್ಯಾಹ್ನ ಬಂಡೆಗೆ ಬಡಿದದ್ದು ಭಾವನ ಹಡಗೇ.

ಕ್ಯಾಪ್ಟನ್ ನಮ್ಮ ಕಚೇರಿಯ ಫೋನಿನಲ್ಲಿದ್ದರು. ತಳದ ಒಂದು ಕೋಣೆಗೆ ನೀರು ನುಗ್ಗಿದೆ, ಎಂಜಿನ್ ನಿಂತಿದೆ, ಕೆಳಗಿದ್ದವರನ್ನೆಲ್ಲ ಮೇಲೆ ಕರೆಸಿದ್ದಾರೆ. ಅಲೆ ಜೋರು; ಮುದುಕರನ್ನೂ ಮಕ್ಕಳನ್ನೂ ದೋಣಿಗೆ ಇಳಿಸಲು ಧೈರ್ಯ ಸಾಲದು. "ಸಹಾಯಕ್ಕೆ ಬರೋರು ಬರೋ ತನಕ ಇದು ನಿಲ್ಲುತ್ತಾ? ಅಷ್ಟು ಹೇಳಿ ಸಾಕು."

ತಳದ ಕೋಣೆಗಳ ನಡುವಿನ ಬಾಗಿಲುಗಳೆಲ್ಲ ಮುಚ್ಚಿವೆಯೇ ಎಂದು ಕೇಳಿದೆ.

"ಎಲ್ಲಾದಕ್ಕೂ ಹಸಿರು ದೀಪ ಇದೆ."

ಹಾಗೆಯೇ ಓಡಿಸಿದೆ. ಪರದೆಯ ಮೇಲಿನ ಹಡಗು ಒಂದಿಷ್ಟು ವಾಲಿ ನಿಂತಿತು. ನಮ್ಮ ಮುಖ್ಯಸ್ಥರು "ಅಬ್ಬಾ!" ಎಂದು ಕುರ್ಚಿಗೆ ಒರಗಿದರು. ಆದರೆ ಕ್ಯಾಪ್ಟನ್ ಆಗಾಗ ಓದಿ ಹೇಳುತ್ತಿದ್ದ ಅಂಕಿಯ ಪ್ರಕಾರ ನಿಜವಾದ ಹಡಗು ವಾಲುತ್ತಲೇ ಇತ್ತು. ಬಿರುಕು ದೊಡ್ಡದು ಮಾಡಿ ನೋಡಿದೆ, ಅಲೆ ಹೆಚ್ಚಿಸಿ ನೋಡಿದೆ. ಊಹೂಂ, ಯಾವುದೂ ತಾಳೆಯಾಗಲಿಲ್ಲ. ಕಣ್ಣು ಉರಿಯುತ್ತಿತ್ತು, ಕುತ್ತಿಗೆ ಹಿಡಿದುಕೊಂಡಿತ್ತು. ಅಕ್ಕ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಎತ್ತಿ ಏನಂತ ಹೇಳಲಿ?

ಆಗ ನೆನಪಾದದ್ದು ನಮ್ಮ ಮನೆಯ ಫ್ರಿಜ್.

ಬಾಗಿಲು ಸ್ವಲ್ಪ ಹೊತ್ತು ತೆರೆದಿದ್ದರೆ ಸಾಕು, ಕೀಂಯ್ ಕೀಂಯ್ ಎಂದು ಬಡಿದುಕೊಳ್ಳುತ್ತಿತ್ತು. ಭಾವ ಅದರ ಅಂಚಿಗೆ ಒಂದು ಚೂರು ಅಯಸ್ಕಾಂತ ಅಂಟಿಸಿ ಬಾಯಿ ಮುಚ್ಚಿಸಿದ್ದರು. ಆಮೇಲೆ ಒಳಗಿನ ದೀಪವೂ ಹತ್ತುತ್ತಿರಲಿಲ್ಲ. ಹಾಲಿನ ಪಾತ್ರೆಗೆ ತಡಕಾಡುವುದು ನಮ್ಮ ಕರ್ಮ. "ಪಾಪ, ಬಾಗಿಲು ಮುಚ್ಚಿದೆ ಅಂದ್ಕೊಂಡಿದೆ," ಎಂದು ಭಾವ ಊಟಕ್ಕೆ ಕೂತಾಗ ಕೊಚ್ಚಿಕೊಂಡಿದ್ದರು. "ಹಡಗಲ್ಲಿ ಪಂಪಿನ ಕೋಣೆ ಬಾಗಿಲಿಗೂ ಇದೇ ಮದ್ದು. ದಿನಕ್ಕೆ ನೂರು ಸಲ ಓಡಾಡ್ಬೇಕು, ಆ ಕಬ್ಬಿಣ ಎಳೆದೂ ಎಳೆದೂ ಭುಜ ಬಿದ್ದೋಗುತ್ತೆ. ತೆಗೆದು ಹಗ್ಗ ಕಟ್ಟಿಬಿಟ್ಟಿದ್ದೀನಿ. ಮೇಲೆ ಕ್ಯಾಪ್ಟನ್‌ಗೆ ಮಾತ್ರ ಹಸಿರು ದೀಪ!" ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಪರದೆಯ ಮೇಲೆ ಆ ಬಾಗಿಲು ತೆರೆದು ಓಡಿಸಿದೆ. ಕ್ಯಾಪ್ಟನ್ ಹೇಳುತ್ತಿದ್ದುದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗೇ ಮುಂದಕ್ಕೆ ಬಿಟ್ಟೆ; ಸಹಾಯ ಬರುವ ಮೊದಲೇ ಹಡಗು ಮಗುಚಿಕೊಂಡಿತು. ಈಗಲೇ ಬಾಗಿಲು ಮುಚ್ಚಿದರೆ ನಿಲ್ಲುತ್ತದೆ.

ಆದರೆ ಅದು ಕೈಯಿಂದ ಮುಚ್ಚುವ ಬಾಗಿಲು. ಆ ನೀರಿಗೆ ಇಳಿಯುವವರು ಯಾರು? ಹಗ್ಗ ಕಟ್ಟಿದವರೇ. ಅಷ್ಟು ಗೊತ್ತಿದ್ದೂ ನಾನೇ ಬಾಯಿಬಿಡಬೇಕು. ಅಕ್ಕನ ಮುಖ ಕಣ್ಣಿಗೆ ಕಟ್ಟಿತು.

"ಪಂಪಿನ ಕೋಣೆ ಬಾಗಿಲು ತೆರೆದಿದೆ ಸಾರ್. ದೀಪ ಸುಳ್ಳು. ನಿಮ್ಮ ಫಿಟ್ಟರನ್ನ ಕೇಳಿ."

ಆ ಕಡೆ ಗದ್ದಲ. ಕ್ಯಾಪ್ಟನ್ ಮತ್ತೆ ಬಂದರು. "ಬಾಗಿಲು ಅಂದಿದ್ದೇ ತಡ, ಮುಖ ಬಿಳಿಚಿಕೊಂಡು ಕೆಳಗೆ ಓಡಿದ."

ಕಾದೆವು. ಹಡಗು ಇನ್ನಷ್ಟು ವಾಲಿತು. ಮತ್ತಷ್ಟು. ಆಮೇಲೆ ಕ್ಯಾಪ್ಟನ್ ಹಿಂದಿನ ಅಂಕಿಯನ್ನೇ ಮತ್ತೆ ಓದಿದರು. ಇನ್ನೊಮ್ಮೆಯೂ ಅದೇ.

"ನಿಂತಿತು!" ಮುಖ್ಯಸ್ಥರು ಮೇಜು ಕುಟ್ಟಿದರು. "ಭೇಷ್ ಕಣಮ್ಮ!"

"ಬಾಗಿಲಿನ ಯಾವ ಕಡೆ ನಿಂತು ಮುಚ್ಚಿದರು?" ಎಂದೆ.

ನೀರಿನ ಕಡೆಯಿಂದಲೂ ಮುಚ್ಚಬಹುದು ಅದನ್ನು, ಆದರೆ ಮುಚ್ಚಿದವರು ಅಲ್ಲೇ ಉಳಿಯುತ್ತಾರೆ. ಪರದೆಯ ಮೇಲಿನ ಹಡಗಿನಲ್ಲಿ ಮನುಷ್ಯರಿಲ್ಲ, ಅದನ್ನು ಕೇಳಿ ಪ್ರಯೋಜನವಿಲ್ಲ.

"ಈ ಕಡೆ," ಎಂದರು ಕ್ಯಾಪ್ಟನ್ ಕೊನೆಗೆ. "ಮೇಲೆ ಬಂದ. ಎದೆ ತನಕ ಒದ್ದೆ. ಕೂತು ಅಳ್ತಿದ್ದಾನೆ."

ನಾನೂ ಅತ್ತೆ. ಆಮೇಲೆ ಅಕ್ಕನ ಫೋನ್ ಎತ್ತಿದೆ.

ಸಹಾಯ ಬಂದು ಎಲ್ಲರೂ ದಡ ಸೇರಿದರು. ಭಾವನ ಕೆಲಸ ಹೋಯಿತು, ಹೋಗಬೇಕಾದ್ದೇ. ಮನೆಗೆ ಬಂದ ದಿನ ನೀರು ಕುಡಿಯಲು ಫ್ರಿಜ್ ತೆರೆದವರು ಹಾಗೇ ನಿಂತರು. ಅಯಸ್ಕಾಂತವನ್ನು ಉಗುರಿನಿಂದ ಕೆರೆದು ಕಿತ್ತರು. ಒಳಗಿನ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಫ್ರಿಜ್ ಬಡಿದುಕೊಳ್ಳತೊಡಗಿತು.

"ರೀ, ಮುಚ್ರೀ ಅದನ್ನ, ತಲೆ ಸಿಡೀತಿದೆ!" ಅಕ್ಕ ಒಳಗಿನಿಂದ ಕೂಗಿದಳು.

ಭಾವ ಅದರ ಎದುರೇ ನೆಲದ ಮೇಲೆ ಕೂತುಬಿಟ್ಟರು.

"ಬಡ್ಕೊಳ್ಳಲಿ ಬಿಡೇ," ಎಂದರು. "ಸ್ವಲ್ಪ ಹೊತ್ತು ಕೇಳ್ತೀನಿ."